ಆರು ತಿಂಗಳಿಗೊಂದು ಸಹಿ



ಗರಿಗಳ ಭಾನುವಾರದಿಂದ ಪಾಸ್ಖ ಹಬ್ಬದವರೆಗೆ ನಮ್ಮ ದೇವಾಲಯಗಳಲ್ಲಿ ಅತಿ ಹೆಚ್ಚು ಸಲ ಕೇಳಿಬರುವ ಊರಿನ ಹೆಸರು ಜೆರುಸಲೇಮ್. ವಾಚನಗಳಲ್ಲಿ, ಕೀರ್ತನೆಗಳಲ್ಲಿ, ಶಿಲುಬೆಯ ಹಾದಿಯಲ್ಲಿ ಎಲ್ಲೆಡೆಯೂ ಆ ಊರೇ. ನಮ್ಮಲ್ಲಿ ಬಹುಪಾಲು ಜನ ಅದನ್ನು ಕಣ್ಣಾರೆ ಕಂಡಿಲ್ಲ. ಆದರೂ ಅದರ ಬಾಗಿಲು, ಬೀದಿ, ಗುಡ್ಡಗಳ ಹೆಸರು ನಮ್ಮ ಪಕ್ಕದ ತಾಲ್ಲೂಕಿನ ಹಳ್ಳಿಗಳ ಹೆಸರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ. ಇಂತಹ ಊರು ಇಂದು ಯಾರಿಗೆ ಸೇರಿದ್ದು, ಯಾವ ದೇಶದ ರಾಜಧಾನಿ ಎಂದು ಧರ್ಮೋಪದೇಶದ ತರಗತಿಯ ಮಗುವೊಂದು ಕೇಳಿದರೆ ಮಾತ್ರ ನಾವು ತಡವರಿಸುತ್ತೇವೆ. ತಡವರಿಸುವವರು ನಾವಷ್ಟೇ ಅಲ್ಲವೆಂಬುದು ಒಂದು ಸಮಾಧಾನ. ಜಗತ್ತಿನ ಅತಿ ಬಲಿಷ್ಠ ರಾಷ್ಟ್ರವೂ ಈ ಒಂದು ಪ್ರಶ್ನೆಗೆ ಹದಿನೆಂಟು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ "ಈಗ ಬೇಡ, ಮುಂದೆ ನೋಡೋಣ" ಎಂದು ಸಹಿ ಹಾಕುತ್ತಾ ಬಂತು. ಆ ಸಹಿಗಳ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಹೇಳಬಯಸುತ್ತೇವೆ.

ಮೊದಲು ಹಿನ್ನೆಲೆಯನ್ನು ತಿಳಿಯೋಣ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಮಹಾಸಭೆಯು ಪ್ಯಾಲೆಸ್ತೀನ್ ನಾಡನ್ನು ಒಂದು ಯೆಹೂದ್ಯ ರಾಷ್ಟ್ರ, ಒಂದು ಅರಬ್ ರಾಷ್ಟ್ರ ಎಂದು ಎರಡಾಗಿ ವಿಂಗಡಿಸುವ ಯೋಜನೆಯನ್ನು 33-13 ಮತಗಳಿಂದ ಅಂಗೀಕರಿಸಿತು. ಭಾರತ ವಿರೋಧವಾಗಿ ಮತ ಹಾಕಿತು. ನಮ್ಮ ದೇಶ ಆಗಷ್ಟೇ ಇಬ್ಭಾಗವಾಗಿ ರಕ್ತ ಹರಿಸಿಕೊಂಡಿತ್ತು. ಇನ್ನೊಂದು ವಿಭಜನೆಗೆ ಕೈಯೆತ್ತಲು ಮನಸ್ಸು ಒಪ್ಪದಿದ್ದುದು ಆಶ್ಚರ್ಯವಲ್ಲ. ಆ ಯೋಜನೆಯಲ್ಲಿ ಜೆರುಸಲೇಮ್ ಮತ್ತು ಬೆತ್ಲೆಹೇಮ್ ಎರಡೂ ಕಡೆಯವರಿಗೆ ಸೇರದೆ, ವಿಶ್ವಸಂಸ್ಥೆಯ ಆಡಳಿತದಲ್ಲಿ ಪ್ರತ್ಯೇಕ ಕ್ಷೇತ್ರವಾಗಿ ಉಳಿಯಬೇಕಿತ್ತು. ಅದು ಕಾಗದದ ಮೇಲೇ ಉಳಿಯಿತು. 1948ರ ಮೇ 14ರಂದು ಇಸ್ರೇಲ್ ಸ್ಥಾಪನೆಯಾಯಿತು. ಹನ್ನೊಂದೇ ನಿಮಿಷದಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಮಾನ್ಯತೆ ನೀಡಿದರು. ಮರುದಿನ ಅರಬ್ ದೇಶಗಳ ಸೇನೆಗಳು ನುಗ್ಗಿದವು. 1949ರಲ್ಲಿ ಕದನವಿರಾಮವಾದಾಗ ಜೆರುಸಲೇಮಿನ ಪಶ್ಚಿಮ ಭಾಗ ಇಸ್ರೇಲಿನ ಕೈಯಲ್ಲೂ, ಪವಿತ್ರ ಸಮಾಧಿಯ ದೇವಾಲಯವಿರುವ ಹಳೆಯ ಪಟ್ಟಣವೂ ಸೇರಿದಂತೆ ಪೂರ್ವ ಭಾಗ ಜೋರ್ಡಾನಿನ ಕೈಯಲ್ಲೂ ಇದ್ದವು. ನಡುವೆ ಮುಳ್ಳುತಂತಿ. ದಾಟಲು ಮಾಂಡೆಲ್‌ಬಾಮ್ ಗೇಟ್ ಎಂಬ ಒಂದು ತಪಾಸಣಾ ದ್ವಾರ. ಇಸ್ರೇಲಿನಲ್ಲಿ ಉಳಿದ ಅರಬ್ ಕ್ರೈಸ್ತರಿಗೆ ಕ್ರಿಸ್ತಜಯಂತಿಯ ಸಮಯದಲ್ಲಿ ಆ ದ್ವಾರವನ್ನು ದಾಟಿ ಬೆತ್ಲೆಹೇಮಿಗೆ ಹೋಗಿಬರಲು ಪರವಾನಗಿ ಸಿಗುತ್ತಿತ್ತು. ಗಡಿಯ ಆಚೆ ಬದಿಯ ಅಣ್ಣ ತಮ್ಮಂದಿರನ್ನು ವರ್ಷಕ್ಕೊಮ್ಮೆ ನೋಡುವ ಹಬ್ಬ ಅದು.

1950ರ ಜನವರಿಯಲ್ಲಿ ಇಸ್ರೇಲ್ ಸಂಸತ್ತು ಜೆರುಸಲೇಮನ್ನು ತನ್ನ ರಾಜಧಾನಿಯೆಂದು ಸಾರಿತು. ಸಂಸತ್ತು, ಸಚಿವಾಲಯಗಳು ಅಲ್ಲಿಗೆ ಹೋದವು. ಆದರೆ ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಸಮುದ್ರತೀರದ ಟೆಲ್ ಅವಿವ್‌ನಲ್ಲಿಯೇ ಇಟ್ಟುಕೊಂಡಿತು. ಜೆರುಸಲೇಮಿನಲ್ಲಿ ಅದಕ್ಕೆ ಒಂದು ಕಾನ್ಸುಲೇಟ್ ಇತ್ತು. ಅದು ತುರ್ಕಿಯ ಸುಲ್ತಾನರ ಕಾಲದ್ದು, 1844ರಷ್ಟು ಹಿಂದಿನದು. ಆ ಕಾನ್ಸುಲೇಟಿನ ಅಧಿಕಾರಿ ಟೆಲ್ ಅವಿವ್‌ನ ರಾಯಭಾರಿಗೆ ಅಧೀನನಾಗಿರದೆ ನೇರವಾಗಿ ವಾಷಿಂಗ್ಟನ್ನಿಗೆ ವರದಿ ಮಾಡುತ್ತಿದ್ದ. ಒಂದೇ ದೇಶದ ಎರಡು ಕಚೇರಿಗಳು, ಒಂದು ಗಂಟೆಯ ದಾರಿಯ ಅಂತರದಲ್ಲಿ, ಒಂದು ಇನ್ನೊಂದಕ್ಕೆ ಲೆಕ್ಕ ಒಪ್ಪಿಸುವಂತಿಲ್ಲ! ರಾಜತಂತ್ರದ ಭಾಷೆಯಲ್ಲಿ ಇದರ ಅರ್ಥ ಒಂದೇ: ಈ ಊರಿನ ಸ್ಥಾನಮಾನ ಇನ್ನೂ ತೀರ್ಮಾನವಾಗಿಲ್ಲ.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಪೂರ್ವ ಜೆರುಸಲೇಮನ್ನೂ ವಶಪಡಿಸಿಕೊಂಡಿತು. 1980ರ ಜುಲೈ 30ರಂದು ಇಡೀ ಜೆರುಸಲೇಮ್ ತನ್ನ ರಾಜಧಾನಿಯೆಂದು ಮೂಲಭೂತ ಕಾನೂನನ್ನೇ ಮಾಡಿತು. ಮರು ತಿಂಗಳು ಭದ್ರತಾ ಮಂಡಳಿ ತನ್ನ 478ನೇ ನಿರ್ಣಯದಲ್ಲಿ ಆ ಕಾನೂನು ಅಸಿಂಧು ಎಂದು ಹೇಳಿ, ಅಲ್ಲಿದ್ದ ರಾಯಭಾರ ಕಚೇರಿಗಳನ್ನು ಹಿಂತೆಗೆದುಕೊಳ್ಳಲು ಕರೆ ನೀಡಿತು. ಹದಿನಾಲ್ಕು ಮತ ಪರ, ವಿರೋಧ ಒಂದೂ ಇಲ್ಲ, ಅಮೆರಿಕ ತಟಸ್ಥ. ಆಗ ಅಲ್ಲಿ ಹದಿಮೂರು ದೇಶಗಳ ರಾಯಭಾರ ಕಚೇರಿಗಳಿದ್ದವು. ನೆದರ್ಲೆಂಡ್ಸ್ ಒಂದನ್ನು ಬಿಟ್ಟರೆ ಉಳಿದವೆಲ್ಲ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ಕಡೆಯವು, ಬಹುತೇಕ ಕಥೋಲಿಕ ಜನರ ನಾಡುಗಳು. ಎಲ್ಲವೂ ಟೆಲ್ ಅವಿವ್‌ಗೆ ಇಳಿದುಬಂದವು. ಎಲ್ ಸಾಲ್ವಡಾರ್ ಮತ್ತು ಕೋಸ್ಟರಿಕ ಮಾತ್ರ ಕೆಲಕಾಲದ ನಂತರ ಮರಳಿ ಹೋದವು. 2006ರಲ್ಲಿ ಅವೂ ಹೊರಬಂದವು.

ಇನ್ನು ಅಮೆರಿಕದ ಕಾಯಿದೆಯ ಕಥೆ. ಅಲ್ಲಿನ ಸಂಸತ್ತಿಗೆ ಕಾಂಗ್ರೆಸ್ ಎಂದು ಹೆಸರು. ನಮ್ಮ ಕಾಂಗ್ರೆಸ್ ಪಕ್ಷದೊಡನೆ ಗೊಂದಲ ಬೇಡ. ಅದರಲ್ಲಿ ಸೆನೆಟ್ ಮತ್ತು ಪ್ರತಿನಿಧಿ ಸಭೆ ಎಂದು ಎರಡು ಮನೆಗಳು. ನ್ಯೂಯಾರ್ಕಿನ ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಎಂಬವರು 1983ರಲ್ಲೇ ರಾಯಭಾರ ಕಚೇರಿಯನ್ನು ಜೆರುಸಲೇಮಿಗೆ ಸಾಗಿಸಬೇಕೆಂಬ ಮಸೂದೆಯನ್ನು ಮಂಡಿಸಿದ್ದರು. ಅಧ್ಯಕ್ಷ ರೇಗನ್ ಅವರ ಸರ್ಕಾರ ಅದನ್ನು ಬಲವಾಗಿ ವಿರೋಧಿಸಿ ತಡೆಯಿತು. ಆದರೆ ಅದೇ ರೇಗನ್ ಅಧಿಕಾರ ಬಿಡುವ ಎರಡು ದಿನ ಮೊದಲು, 1989ರ ಜನವರಿ 18ರಂದು, ಜೆರುಸಲೇಮಿನ ಅಲೆನ್‌ಬಿ ಬ್ಯಾರಕ್ಸ್ ಎಂಬ ಹಳೆಯ ಬ್ರಿಟಿಷ್ ಸೈನಿಕ ಶಿಬಿರದ ಜಾಗವನ್ನು ಇಸ್ರೇಲ್ ಸರ್ಕಾರದಿಂದ ವರ್ಷಕ್ಕೆ ಒಂದು ಡಾಲರ್ ಬಾಡಿಗೆಗೆ 99 ವರ್ಷಗಳ ಗೇಣಿಗೆ ಪಡೆಯುವ ಒಪ್ಪಂದಕ್ಕೆ ಸಹಿ ಬಿತ್ತು. ಜಾಗ ಸಿಕ್ಕಿತು, ಕಟ್ಟಡ ಏಳಲಿಲ್ಲ. ಆ ನೆಲ ನಮ್ಮ ಕುಟುಂಬಗಳಿಗೆ ಸೇರಿದ್ದು ಎಂದು ಪ್ಯಾಲೆಸ್ತೀನಿಯರ ವಾರಸುದಾರರು ದಾಖಲೆ ಹಿಡಿದು ಬಂದರು. ದಶಕಗಳ ಕಾಲ ಅಲ್ಲಿ ಹುಲ್ಲು ಬೆಳೆಯಿತು.

ಈ ಅಲೆನ್‌ಬಿ ಯಾರೆಂದು ಕೇಳಿದರೆ ನಮ್ಮ ಕನ್ನಡ ನಾಡಿಗೂ ಒಂದು ಎಳೆ ಸಿಗುತ್ತದೆ. 1917ರ ಡಿಸೆಂಬರ್ 11ರಂದು ಕುದುರೆಯಿಂದಿಳಿದು ಕಾಲ್ನಡಿಗೆಯಲ್ಲಿ ಜೆರುಸಲೇಮನ್ನು ಪ್ರವೇಶಿಸಿದ ಬ್ರಿಟಿಷ್ ಸೇನಾಪತಿ ಅವರು. ಮರುವರ್ಷ ಸೆಪ್ಟೆಂಬರ್ 23ರಂದು ಅವರ ಸೈನ್ಯದ ಭಾಗವಾಗಿ ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರೂ ಇದ್ದರು.

1995ಕ್ಕೆ ಬರೋಣ. ಎರಡು ವರ್ಷದ ಹಿಂದಷ್ಟೇ, 1993ರ ಸೆಪ್ಟೆಂಬರ್ 13ರಂದು, ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ತೀನ್ ನಾಯಕ ಅರಾಫತ್ ಅಧ್ಯಕ್ಷ ಕ್ಲಿಂಟನ್ ಅವರ ಅಂಗಳದಲ್ಲಿ ಕೈಕುಲುಕಿದ್ದರು. ಆ ಓಸ್ಲೋ ಒಪ್ಪಂದದಲ್ಲಿ ಜೆರುಸಲೇಮಿನ ವಿಷಯವನ್ನು ಕಟ್ಟಕಡೆಗೆ ಇಡಲಾಗಿತ್ತು. ಐದು ವರ್ಷಗಳ ಮಧ್ಯಂತರ ಅವಧಿ 1999ರ ಮೇ ತಿಂಗಳಿಗೆ ಮುಗಿಯಬೇಕಿತ್ತು. ಅದೇ ಹೊತ್ತಿಗೆ ಅಮೆರಿಕದಲ್ಲಿ 1996ರ ಚುನಾವಣೆಯ ಗಾಳಿ ಬೀಸತೊಡಗಿತು. ಅಧ್ಯಕ್ಷ ಪದವಿಗೆ ಸ್ಪರ್ಧಿಸಲು ಸಿದ್ಧರಾಗಿದ್ದ ಸೆನೆಟ್ ನಾಯಕ ಬಾಬ್ ಡೋಲ್ 1995ರ ಮೇ ತಿಂಗಳಲ್ಲಿ ಮಸೂದೆ ತಂದರು: ಜೆರುಸಲೇಮ್ ಇಸ್ರೇಲಿನ ಅವಿಭಜಿತ ರಾಜಧಾನಿಯೆಂದು ಒಪ್ಪಬೇಕು, 1999ರ ಮೇ 31ರೊಳಗೆ ರಾಯಭಾರ ಕಚೇರಿ ಅಲ್ಲಿ ತೆರೆಯಬೇಕು. ಓಸ್ಲೋದ ಗಡುವೂ ಈ ಗಡುವೂ ಒಂದೇ ತಿಂಗಳಿಗೆ ಬೀಳುವುದು ಕಾಕತಾಳೀಯವಲ್ಲ.

ಕ್ಲಿಂಟನ್ ಸರ್ಕಾರದ ಕಾನೂನು ಸಲಹೆಗಾರರು ಒಂದೇ ವಾರದಲ್ಲಿ ಅಭಿಪ್ರಾಯ ಬರೆದರು: ಪರದೇಶಗಳೊಡನೆ ವ್ಯವಹರಿಸುವ ಅಧಿಕಾರವನ್ನು ಸಂವಿಧಾನ ಅಧ್ಯಕ್ಷರಿಗೆ ಕೊಟ್ಟಿದೆ, ರಾಯಭಾರ ಕಚೇರಿ ಎಲ್ಲಿರಬೇಕೆಂದು ಶಾಸಕರು ಅಪ್ಪಣೆ ಕೊಡಲಾಗದು. ಜಗ್ಗಾಟ ನಡೆಯಿತು. ಕೊನೆಗೆ ಒಂದು ರಾಜಿ. ಮಸೂದೆಗೆ ಏಳನೆಯ ಕಲಮಾಗಿ ಒಂದು ಕಿಂಡಿಯನ್ನು ಸೇರಿಸಲಾಯಿತು. ಅಕ್ಟೋಬರ್ 24ರಂದು ಸೆನೆಟ್ 93-5, ಪ್ರತಿನಿಧಿ ಸಭೆ 374-37 ಮತಗಳಿಂದ ಅದನ್ನು ಅಂಗೀಕರಿಸಿದವು. ಅಧ್ಯಕ್ಷರು ತಿರಸ್ಕರಿಸಿದರೂ ಮೂರನೇ ಎರಡರಷ್ಟು ಬಹುಮತದಿಂದ ಮತ್ತೆ ಅಂಗೀಕರಿಸಬಹುದಾದಷ್ಟು ಬಲ ಅದಕ್ಕಿತ್ತು. ಕ್ಲಿಂಟನ್ ಸಹಿಯನ್ನೂ ಹಾಕಲಿಲ್ಲ, ತಿರಸ್ಕರಿಸಲೂ ಇಲ್ಲ. ಭಾನುವಾರಗಳನ್ನು ಬಿಟ್ಟು ಹತ್ತು ದಿನ ಅಧ್ಯಕ್ಷರು ಸುಮ್ಮನಿದ್ದರೆ ಮಸೂದೆ ತಾನಾಗಿಯೇ ಕಾಯಿದೆಯಾಗುತ್ತದೆಂಬುದು ಅಲ್ಲಿನ ಸಂವಿಧಾನದ ನಿಯಮ. ಹಾಗೆ 1995ರ ನವೆಂಬರ್ 8ರಂದು ಜೆರುಸಲೇಮ್ ರಾಯಭಾರ ಕಚೇರಿ ಕಾಯಿದೆ ಯಾರ ಸಹಿಯೂ ಇಲ್ಲದೆ ಜಾರಿಗೆ ಬಂತು. ನಾಲ್ಕು ದಿನ ಮೊದಲು, ನವೆಂಬರ್ 4ರ ರಾತ್ರಿ, ಶಾಂತಿಸಭೆಯೊಂದರಿಂದ ಹೊರಬರುತ್ತಿದ್ದ ರಾಬಿನ್ ಅವರನ್ನು ಅವರದೇ ಜನಾಂಗದ ಯುವಕನೊಬ್ಬ ಗುಂಡಿಟ್ಟು ಕೊಂದಿದ್ದ.

ಕಾಯಿದೆಯ ಒಳಗಿನ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಸಾಗಿಸಬೇಕೆಂದು ಅದು ಹೇಳುತ್ತದೆ. ಸಾಗಿಸದಿದ್ದರೆ? ವಿದೇಶಾಂಗ ಇಲಾಖೆಗೆ ಪರದೇಶಗಳಲ್ಲಿ ಕಟ್ಟಡ ಕೊಳ್ಳಲು ಮತ್ತು ನೋಡಿಕೊಳ್ಳಲು 1999ರ ಹಣಕಾಸು ವರ್ಷದಲ್ಲಿ ಮಂಜೂರಾದ ಹಣದಲ್ಲಿ ಅರ್ಧಭಾಗವನ್ನು ಮುಟ್ಟುವಂತಿಲ್ಲ. ಇದು ಚಾಟಿ. ಏಳನೆಯ ಕಲಮಿನ ಕಿಂಡಿ ಏನೆಂದರೆ, ರಾಷ್ಟ್ರೀಯ ಭದ್ರತೆಯ ಹಿತರಕ್ಷಣೆಗೆ ಅಗತ್ಯವೆಂದು ಅಧ್ಯಕ್ಷರು ನಿರ್ಧರಿಸಿ ಕಾಂಗ್ರೆಸ್ಸಿಗೆ ಮುಂಚಿತವಾಗಿ ತಿಳಿಸಿದರೆ, ಆ ದಂಡವನ್ನು ಆರು ತಿಂಗಳು ಅಮಾನತಿನಲ್ಲಿ ಇಡಬಹುದು. ಆರು ತಿಂಗಳು ಕಳೆದ ಮೇಲೆ ಮತ್ತೆ ಆರು ತಿಂಗಳು. ಎಷ್ಟು ಸಲ ಎಂಬುದಕ್ಕೆ ಮಿತಿಯಿಲ್ಲ. ಕೋರ್ಟಿಗೆ ಕಾರಣ ತೋರಿಸಬೇಕೆಂದೂ ಇಲ್ಲ. ಕಾಯಿದೆ ಮಾಡಿದವರಿಗೆ "ನಾವು ಮಾಡಿದೆವು" ಎಂದು ಮತದಾರರ ಮುಂದೆ ಹೇಳಿಕೊಳ್ಳಲು ದಾರಿಯಾಯಿತು, ಅಧ್ಯಕ್ಷರಿಗೆ ಮಾಡದಿರಲು ದಾರಿಯಾಯಿತು. ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಯಲ್ಲಿ ಹೊಸ ಸಭಾಭವನ ಕಟ್ಟುವ ನಿರ್ಣಯವನ್ನು ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿ, "ಅನುಕೂಲವಾದಾಗ" ಎಂಬ ಒಂದು ಪದವನ್ನು ಕೊನೆಗೆ ಸೇರಿಸಿದಂತೆ. ಆ ಒಂದು ಪದದ ಮಹಿಮೆಯನ್ನು ಹಿರಿಯ ಓದುಗರು ಬಲ್ಲರು.

1999ರ ಮೇ 31 ಬಂತು, ಹೋಯಿತು. ಜೂನ್ ತಿಂಗಳಲ್ಲಿ ಕ್ಲಿಂಟನ್ ಮೊದಲ ವಿನಾಯಿತಿಗೆ ಸಹಿ ಹಾಕಿದರು. ಡಿಸೆಂಬರಿನಲ್ಲಿ ಎರಡನೆಯದು. ವಿಚಿತ್ರವೆಂದರೆ 1992ರ ಚುನಾವಣೆಯಲ್ಲಿ ಜೆರುಸಲೇಮ್ ಇಸ್ರೇಲಿನ ರಾಜಧಾನಿ ಎಂಬ ನಿಲುವನ್ನು ಬೆಂಬಲಿಸಿದವರು ಅವರೇ. 2000ದ ಚುನಾವಣೆಯಲ್ಲಿ ಜಾರ್ಜ್ ಬುಷ್ ಅಧಿಕಾರಕ್ಕೆ ಬಂದೊಡನೆ ಸ್ಥಳಾಂತರದ ಕೆಲಸ ಶುರುಮಾಡುವೆನೆಂದರು. ಎಂಟು ವರ್ಷ ಆಳಿದರು, ಆರು ತಿಂಗಳಿಗೊಮ್ಮೆ ತಪ್ಪದೆ ಸಹಿ ಹಾಕಿದರು. ಅವರ ವಿನಾಯಿತಿ ಪತ್ರಗಳಲ್ಲಿ ಸ್ಥಳಾಂತರಕ್ಕೆ ತಮ್ಮ ಸರ್ಕಾರ ಬದ್ಧವೆಂಬ ಒಂದು ವಾಕ್ಯವೂ ಇರುತ್ತಿತ್ತು. ಮಾಡುವುದಿಲ್ಲವೆಂದು ಸಹಿ ಹಾಕುವ ಹಾಳೆಯಲ್ಲೇ ಮಾಡಲು ಬದ್ಧರೆಂಬ ಮಾತು! ಒಬಾಮ 2008ರಲ್ಲಿ ಯೆಹೂದ್ಯ ಬೆಂಬಲಿಗರ ಸಮಾವೇಶದಲ್ಲಿ ಜೆರುಸಲೇಮ್ ಅವಿಭಜಿತ ರಾಜಧಾನಿಯಾಗಿ ಉಳಿಯುವುದೆಂದು ಹೇಳಿದ್ದರು. ಅಧಿಕಾರಕ್ಕೆ ಬಂದ ಮೇಲೆ ಆ ಬದ್ಧತೆಯ ವಾಕ್ಯವನ್ನು ಪತ್ರದಿಂದ ತೆಗೆದುಹಾಕಿ ಸಹಿ ಮಾತ್ರ ಮುಂದುವರಿಸಿದರು. ನಮಗೆ ಕೇಳಿದರೆ, ಮೂವರಲ್ಲಿ ಕಡೆಯ ಪಕ್ಷ ಪತ್ರದ ಮಟ್ಟಿಗೆ ಹೆಚ್ಚು ಪ್ರಾಮಾಣಿಕರಾಗಿದ್ದವರು ಅವರೇ. 1999ರಿಂದ 2017ರವರೆಗೆ ಎರಡೂ ಪಕ್ಷಗಳ ನಾಲ್ವರು ಅಧ್ಯಕ್ಷರು ಮೂವತ್ತಕ್ಕೂ ಹೆಚ್ಚು ಸಲ ಈ ಒಂದೇ ಹಾಳೆಗೆ ಸಹಿ ಹಾಕಿದರು. ಜೂನ್, ಡಿಸೆಂಬರ್, ಜೂನ್, ಡಿಸೆಂಬರ್. ಪತ್ರಿಕೆಗಳಲ್ಲಿ ಅದು ಎರಡು ಸಾಲಿನ ಸುದ್ದಿಯಾಯಿತು.

ಹಾಗಾದರೆ ಇದು ಬರೀ ಬೂಟಾಟಿಕೆಯೇ? ಇಲ್ಲಿ ಸೆಮಿನರಿಯಲ್ಲಿ ಕಲಿತ ಪಾಠವೊಂದು ನಮ್ಮ ನೆರವಿಗೆ ಬರುತ್ತದೆ. ನಮ್ಮ ಧರ್ಮಸಭೆಯ ಕಾನೂನಿನಲ್ಲೂ ವಿನಾಯಿತಿ ಇದೆ. ಅನ್ಯಧರ್ಮೀಯರೊಡನೆ ವಿವಾಹವಾಗುವಾಗ, ಕೆಲವು ಬಂಧುತ್ವದ ಅಡ್ಡಿಗಳಿರುವಾಗ ಧರ್ಮಾಧ್ಯಕ್ಷರಿಂದ ಪಡೆಯುವ ಅಪ್ಪಣೆಯನ್ನು ನಮ್ಮ ಕುಟುಂಬಗಳು ಬಲ್ಲವು. ಕಾನೂನು ಸಂಹಿತೆಯ 85ನೇ ಕಟ್ಟಳೆಯ ಪ್ರಕಾರ ವಿನಾಯಿತಿ ಎಂದರೆ ನಿರ್ದಿಷ್ಟ ಪ್ರಕರಣವೊಂದರಲ್ಲಿ ಧರ್ಮಸಭೆಯ ಕಾನೂನನ್ನು ಸಡಿಲಿಸುವುದು. 90ನೇ ಕಟ್ಟಳೆ ಅದಕ್ಕೆ ನ್ಯಾಯವಾದ, ಸಮಂಜಸವಾದ ಕಾರಣವಿರಬೇಕೆನ್ನುತ್ತದೆ. ಕಾರಣ ಪೂರ್ತಿಯಾಗಿ ಇಲ್ಲವಾದಾಗ ಮುಂದುವರಿಯುವ ವಿನಾಯಿತಿಯೂ ನಿಲ್ಲುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ಅಮೆರಿಕದ ವಿನಾಯಿತಿಗೆ ಕಾರಣವಿರಲಿಲ್ಲ ಎನ್ನಲಾಗದು. 2000ದ ಸೆಪ್ಟೆಂಬರಿನಲ್ಲಿ ಆರಂಭವಾದ ಎರಡನೇ ಇಂತಿಫಾದ ದಂಗೆಗೆ ಕಿಡಿ ಹತ್ತಿದ್ದೇ ಜೆರುಸಲೇಮಿನ ದೇವಾಲಯದ ಬೆಟ್ಟದ ಮೇಲೆ. ಅಲ್ಲಿ ಒಂದು ಕಲ್ಲು ಸರಿಸಿದರೂ ನೂರಾರು ಮನೆಗಳಲ್ಲಿ ಶವ ಏಳುತ್ತದೆಂಬುದು ಸಹಿ ಹಾಕಿದವರಿಗೆ ಗೊತ್ತಿತ್ತು. ಆದರೆ ವಿನಾಯಿತಿಯೇ ನಿಯಮವಾಗಿ, ನಿಯಮವೇ ಅಪವಾದವಾದಾಗ ಕಾನೂನಿನ ಮಾತಿಗೆ ಬೆಲೆ ಎಲ್ಲಿ? ಶಾಂತಿಗಾಗಿ ಕಾಲಾವಕಾಶವನ್ನು ಕೊಳ್ಳಲಾಯಿತು ಎಂದು ಹೇಳಿದರೆ ಒಪ್ಪುತ್ತೇವೆ. ಹಾಗೆ ಕೊಂಡ ಕಾಲವನ್ನು ಏನು ಮಾಡಿದರು ಎಂಬುದು ನಮ್ಮ ಪ್ರಶ್ನೆ. 2000ದ ಕ್ಯಾಂಪ್ ಡೇವಿಡ್ ಮಾತುಕತೆ ಮುರಿಯಿತು. 2007ರ ಅನಾಪೊಲಿಸ್ ಸಭೆಯ ಫಲ ಕೈಗೂಡಲಿಲ್ಲ. 2014ರಲ್ಲಿ ಜಾನ್ ಕೆರ್ರಿಯವರ ಪ್ರಯತ್ನವೂ ಕುಸಿಯಿತು. ಸಹಿ ಮಾತ್ರ ನಿಲ್ಲಲಿಲ್ಲ.

ನಡುವೆ ಒಂದು ಪಾಸ್‌ಪೋರ್ಟಿನ ವ್ಯಾಜ್ಯವೂ ನಡೆಯಿತು. ಜೆರುಸಲೇಮಿನಲ್ಲಿ ಹುಟ್ಟಿದ ಅಮೆರಿಕನ್ನರ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳದ ಕಡೆ ಊರಿನ ಹೆಸರು ಮಾತ್ರ ಇರುತ್ತಿತ್ತು, ದೇಶದ ಹೆಸರಿಲ್ಲ. ಕೇಳಿದವರಿಗೆ ಇಸ್ರೇಲ್ ಎಂದು ಬರೆದುಕೊಡಬೇಕೆಂದು 2002ರಲ್ಲಿ ಕಾಂಗ್ರೆಸ್ ಕಾಯಿದೆ ಮಾಡಿತು. ಬುಷ್ ಅದಕ್ಕೆ ಸಹಿ ಹಾಕಿದರು, ಆದರೆ ಆ ಕಲಮನ್ನು ಕಡ್ಡಾಯವೆಂದು ಪರಿಗಣಿಸುವುದಿಲ್ಲ ಎಂಬ ಟಿಪ್ಪಣಿಯನ್ನೂ ಲಗತ್ತಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿ ಹುಟ್ಟಿದ ಒಂದು ಗಂಡುಮಗುವಿನ ತಂದೆತಾಯಿ ಕೋರ್ಟಿಗೆ ಹೋದರು. ಮಗು ಬೆಳೆದು ಹನ್ನೆರಡು ವರ್ಷ ದಾಟಿದ ಮೇಲೆ, 2015ರ ಜೂನ್ 8ರಂದು, ಅಮೆರಿಕದ ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ತೀರ್ಪು ಕೊಟ್ಟಿತು: ಪರದೇಶದ ಸರ್ಕಾರಕ್ಕೂ ಅದರ ಭೂಭಾಗಕ್ಕೂ ಮಾನ್ಯತೆ ನೀಡುವ ಅಧಿಕಾರ ಅಧ್ಯಕ್ಷರೊಬ್ಬರದೇ, ಅವರ ಮಾತಿಗೆ ವಿರುದ್ಧವಾಗಿ ಬರೆಯುವಂತೆ ಶಾಸಕರು ಒತ್ತಾಯಿಸಲಾಗದು. 1995ರಲ್ಲಿ ಕಾನೂನು ಸಲಹೆಗಾರರು ಎತ್ತಿದ್ದ ಆಕ್ಷೇಪಕ್ಕೆ ಇಪ್ಪತ್ತು ವರ್ಷಗಳ ಮೇಲೆ ಬೇರೆ ದಾರಿಯಿಂದ ಬೆಂಬಲ ದೊರೆತಂತಾಯಿತು.

ಈಗ ನಮ್ಮ ಧರ್ಮಸಭೆ ಏನು ಮಾಡುತ್ತಿತ್ತೆಂದು ನೋಡೋಣ. ಇತರರ ಸಹಿಗಳನ್ನು ಎಣಿಸುವಾಗ ನಮ್ಮ ಮನೆಯ ಕಾಗದಗಳನ್ನು ಮರೆಯುವುದು ತರವಲ್ಲ. 1948ರ ಯುದ್ಧದ ನಡುವೆ, ಅಕ್ಟೋಬರ್ 24ರಂದು, ಜಗದ್ಗುರು ಹನ್ನೆರಡನೇ ಪಯಸ್‌ರವರು ವಿಶ್ವಪತ್ರವೊಂದನ್ನು ಬರೆದು ಜೆರುಸಲೇಮಿಗೆ ಅಂತರರಾಷ್ಟ್ರೀಯ ಸ್ವರೂಪವಿರಬೇಕೆಂದು ಕೇಳಿಕೊಂಡರು. (ಸರಿಯಾಗಿ ನಲವತ್ತೇಳು ವರ್ಷಗಳ ನಂತರ ಅದೇ ದಿನಾಂಕದಂದು ಅಮೆರಿಕದ ಕಾಂಗ್ರೆಸ್ ಮತ ಹಾಕಿತು.) 1949ರ ಶುಭ ಶುಕ್ರವಾರದಂದು ಅದನ್ನೇ ಮತ್ತೊಂದು ವಿಶ್ವಪತ್ರದಲ್ಲಿ ಪುನರುಚ್ಚರಿಸಿದರು. ಪವಿತ್ರ ಪೀಠ ಇಸ್ರೇಲ್ ರಾಷ್ಟ್ರಕ್ಕೆ ಮಾನ್ಯತೆಯನ್ನೇ ಕೊಡದೆ ದಶಕಗಳನ್ನು ಕಳೆಯಿತು. 1964ರ ಜನವರಿಯಲ್ಲಿ ಜಗದ್ಗುರು ಆರನೇ ಪೌಲರು ಪುಣ್ಯಭೂಮಿಗೆ ಯಾತ್ರೆ ಹೋದರು. ಪೇತ್ರನ ಉತ್ತರಾಧಿಕಾರಿಯೊಬ್ಬರು ಆ ನೆಲಕ್ಕೆ ಮರಳಿದ್ದು ಅದೇ ಮೊದಲು. ಜೋರ್ಡಾನ್ ಕಡೆಯಿಂದ ಬಂದು, ಮೆಗಿದ್ದೋ ಬಳಿ ಇಸ್ರೇಲನ್ನು ಪ್ರವೇಶಿಸಿ, ನಜರೇತನ್ನು ಸಂದರ್ಶಿಸಿ, ರಾತ್ರಿಯಾಗುವ ಹೊತ್ತಿಗೆ ಮಾಂಡೆಲ್‌ಬಾಮ್ ಗೇಟನ್ನು ದಾಟಿ ಹಳೆಯ ಪಟ್ಟಣಕ್ಕೆ ಹಿಂತಿರುಗಿದರು. ಆ ಒಂದು ದಿನದ ಭೇಟಿಯಲ್ಲಿ ಅವರು ಇಸ್ರೇಲ್ ರಾಷ್ಟ್ರವೆಂಬ ಹೆಸರನ್ನು ಒಮ್ಮೆಯೂ ಉಚ್ಚರಿಸಲಿಲ್ಲ. ಇದೂ ಒಂದು ಬಗೆಯ ಮುಂದೂಡಿಕೆಯೇ ಅಲ್ಲವೇ? 1993ರ ಡಿಸೆಂಬರ್ 30ರಂದು, ಸಂತ ದ್ವಿತೀಯ ಜಾನ್ ಪೌಲರ ಕಾಲದಲ್ಲಿ, ಪವಿತ್ರ ಪೀಠ ಮತ್ತು ಇಸ್ರೇಲ್ ನಡುವೆ ಮೂಲ ಒಪ್ಪಂದವಾಯಿತು. ಮರುವರ್ಷ ಪೂರ್ಣ ರಾಯಭಾರ ಸಂಬಂಧ ಬೆಳೆಯಿತು. 2000ದ ಫೆಬ್ರವರಿ 15ರಂದು ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಜೆರುಸಲೇಮಿಗೆ ಅಂತರರಾಷ್ಟ್ರೀಯ ಖಾತರಿಯುಳ್ಳ ವಿಶೇಷ ಕಟ್ಟಳೆ ಬೇಕೆಂದು ಬರೆಯಲಾಯಿತು. ಪೂರ್ತಿ ಊರು ವಿಶ್ವಸಂಸ್ಥೆಯ ಕೈಗೆ ಹೋಗಬೇಕೆಂಬ ಹಳೆಯ ಬೇಡಿಕೆ ಹೀಗೆ ಮೂರೂ ಧರ್ಮಗಳಿಗೆ ಪವಿತ್ರಸ್ಥಳಗಳ ಹಕ್ಕು ಭದ್ರವಾಗಿರಬೇಕೆಂಬ ರೂಪಕ್ಕೆ ಬಂತು.

ಕಾಯುವುದರಲ್ಲಿ ಜೆರುಸಲೇಮಿನ ಕ್ರೈಸ್ತರನ್ನು ಮೀರಿಸಿದವರಿಲ್ಲ. ಪವಿತ್ರ ಸಮಾಧಿಯ ದೇವಾಲಯದ ಮುಂಭಾಗದ ಕಿಟಕಿಯ ಕೆಳಗೆ ಒಂದು ಮರದ ಏಣಿ ಒರಗಿಕೊಂಡಿದೆ. 18ನೇ ಶತಮಾನದಿಂದಲೂ ಅದು ಅಲ್ಲೇ ಇದೆ. ಗ್ರೀಕ್ ಆರ್ಥಡಾಕ್ಸ್, ಲ್ಯಾಟಿನ್, ಆರ್ಮೇನಿಯನ್ ಮುಂತಾದ ಸಭೆಗಳು ಆ ದೇವಾಲಯದ ಒಂದೊಂದು ಮೆಟ್ಟಿಲು, ಒಂದೊಂದು ದೀಪದ ಮೇಲೂ ಹಕ್ಕು ಹೇಳಿಕೊಂಡಾಗ, ತುರ್ಕಿಯ ಸುಲ್ತಾನರು 1852ರಲ್ಲಿ ಆಜ್ಞೆ ಹೊರಡಿಸಿ ಇದ್ದದ್ದು ಇದ್ದಂತೆಯೇ ಇರಲಿ ಎಂದರು. ಸ್ಟೇಟಸ್ ಕೋ ಎಂಬ ಹೆಸರಿನ ಈ ಯಥಾಸ್ಥಿತಿಯ ನಿಯಮದಿಂದಾಗಿ ಏಣಿಯನ್ನು ತೆಗೆಯುವ ಹಕ್ಕು ಯಾರೊಬ್ಬರಿಗೂ ಇಲ್ಲ. ದೇವಾಲಯದ ಬಾಗಿಲಿನ ಬೀಗದ ಕೈ ಎರಡು ಮುಸ್ಲಿಂ ಮನೆತನಗಳ ಉಸ್ತುವಾರಿಯಲ್ಲಿದೆ. ನಮ್ಮ ಸಭೆಗಳ ಒಡಕಿಗೆ ನಾಚಿಕೆಪಡಬೇಕಾದ ಸಂಗತಿಯಿದು. ಆದರೂ ಆ ಏಣಿ ಅಲುಗದಿರುವಷ್ಟು ಕಾಲ ಒಳಗೆ ಬಲಿಪೂಜೆ ನಡೆಯುತ್ತದೆ. ಬ್ರಿಟಿಷರ ಕಾಲದ ಕೊನೆಗೆ ಆ ಊರಿನಲ್ಲಿ ಸುಮಾರು 30,000 ಕ್ರೈಸ್ತರಿದ್ದರು. ಇಂದು ಅದರ ಅರ್ಧದಷ್ಟೂ ಇಲ್ಲ, ಊರಿನ ಒಟ್ಟು ಜನಸಂಖ್ಯೆ ಎಷ್ಟೋ ಪಟ್ಟು ಬೆಳೆದಿದ್ದರೂ. ದೊಡ್ಡವರು ಸಹಿ ಹಾಕಿದರೂ ಹಾಕದಿದ್ದರೂ ಇವರ ಮಕ್ಕಳು ಒಬ್ಬೊಬ್ಬರಾಗಿ ಪರದೇಶಕ್ಕೆ ಹೊರಟುಹೋದರು.

2017ರ ಜೂನ್ 1ರಂದು ಹೊಸ ಅಧ್ಯಕ್ಷ ಟ್ರಂಪ್ ಕೂಡ ಹಿಂದಿನವರಂತೆಯೇ ವಿನಾಯಿತಿಗೆ ಸಹಿ ಹಾಕಿದರು. ಸ್ಥಳಾಂತರದ ಭರವಸೆ ಕೊಟ್ಟೇ ಅವರು ಗೆದ್ದಿದ್ದರು. ನಾಲ್ಕು ದಿನಗಳ ಮೇಲೆ ಸೆನೆಟ್ 90-0 ಮತಗಳಿಂದ ಹಳೆಯ ಕಾಯಿದೆಯನ್ನು ನೆನಪಿಸಿತು. ಡಿಸೆಂಬರ್ 6ರಂದು ಟ್ರಂಪ್ ಜೆರುಸಲೇಮನ್ನು ಇಸ್ರೇಲಿನ ರಾಜಧಾನಿಯೆಂದು ಮಾನ್ಯ ಮಾಡಿ, ರಾಯಭಾರ ಕಚೇರಿಯನ್ನು ಸಾಗಿಸಲು ಆದೇಶಿಸಿದರು. ಕಟ್ಟಡ ಸಿದ್ಧವಾಗಲು ಸಮಯ ಬೇಕಾದ್ದರಿಂದ ಅದೇ ದಿನ ವಿನಾಯಿತಿಗೂ ಮತ್ತೊಮ್ಮೆ ಸಹಿ ಹಾಕಬೇಕಾಯಿತು! ಆ ದಿನ ಬೆಳಿಗ್ಗೆ ಜಗದ್ಗುರು ಫ್ರಾನ್ಸಿಸ್‌ರವರು ಬುಧವಾರದ ಸಾರ್ವಜನಿಕ ಸಂದರ್ಶನದಲ್ಲಿ, ವಿಶ್ವಸಂಸ್ಥೆಯ ನಿರ್ಣಯಗಳಿಗನುಸಾರವಾಗಿ ಯಥಾಸ್ಥಿತಿಯನ್ನು ಗೌರವಿಸಬೇಕೆಂದು ಕೋರಿದ್ದರು. ಜೆರುಸಲೇಮಿನ ಹದಿಮೂರು ಕ್ರೈಸ್ತ ಸಭೆಗಳ ಮುಖ್ಯಸ್ಥರು, ಸಣ್ಣ ಏಣಿಯೊಂದನ್ನು ಸರಿಸಲು ಒಮ್ಮತಕ್ಕೆ ಬಾರದ ಅದೇ ಸಭೆಗಳವರು, ಒಟ್ಟಾಗಿ ಅಮೆರಿಕದ ಅಧ್ಯಕ್ಷರಿಗೆ ಪತ್ರ ಬರೆದು ಊರಿನ ಅಂತರರಾಷ್ಟ್ರೀಯ ಸ್ಥಾನಮಾನವನ್ನು ಬದಲಿಸಬೇಡಿ ಎಂದು ಬೇಡಿಕೊಂಡರು. ಡಿಸೆಂಬರ್ 21ರಂದು ವಿಶ್ವಸಂಸ್ಥೆಯ ಮಹಾಸಭೆ 128-9 ಮತಗಳಿಂದ ಅಮೆರಿಕದ ನಡೆಯನ್ನು ತಿರಸ್ಕರಿಸಿತು. 35 ದೇಶಗಳು ತಟಸ್ಥವಾಗಿದ್ದವು. ಭಾರತ 128ರ ಜೊತೆಗಿತ್ತು.

2018ರ ಮೇ 14ರಂದು, ಇಸ್ರೇಲ್ ಸ್ಥಾಪನೆಯ ಎಪ್ಪತ್ತನೇ ವರ್ಷದ ದಿನ, ಅರ್ನೋನ ಬಡಾವಣೆಯ ಕಾನ್ಸುಲೇಟ್ ಕಟ್ಟಡದಲ್ಲೇ ರಾಯಭಾರ ಕಚೇರಿಯ ಫಲಕ ಅನಾವರಣವಾಯಿತು. ಆ ನಿವೇಶನದ ಒಂದು ಭಾಗ 1949ರ ಕದನವಿರಾಮ ರೇಖೆಗಳ ನಡುವಿನ, ಯಾರಿಗೂ ಸೇರದ ಪಟ್ಟಿಯಲ್ಲಿದೆ. ಟಿವಿ ಪರದೆಯ ಒಂದು ಬದಿಯಲ್ಲಿ ಸಮಾರಂಭದ ಕರತಾಡನ, ಇನ್ನೊಂದು ಬದಿಯಲ್ಲಿ ಗಾಜಾ ಗಡಿಯ ಹೊಗೆ. ಅಂದು ಅಲ್ಲಿ ಪ್ರತಿಭಟಿಸುತ್ತಿದ್ದ ಸುಮಾರು 60 ಪ್ಯಾಲೆಸ್ತೀನಿಯರು ಇಸ್ರೇಲಿ ಸೈನಿಕರ ಗುಂಡಿಗೆ ಬಲಿಯಾದರು. 2019ರ ಮಾರ್ಚಿನಲ್ಲಿ 1844ರ ಪರಂಪರೆಯ ಕಾನ್ಸುಲೇಟನ್ನು ರಾಯಭಾರ ಕಚೇರಿಯೊಳಗೆ ವಿಲೀನಗೊಳಿಸಲಾಯಿತು. 2021ರಲ್ಲಿ ಅಧಿಕಾರಕ್ಕೆ ಬಂದ ಬೈಡನ್ ರಾಯಭಾರ ಕಚೇರಿಯನ್ನು ಹಿಂದಕ್ಕೆ ತರಲಿಲ್ಲ.

ಸ್ಥಳಾಂತರಕ್ಕೆ ಎರಡು ತಿಂಗಳ ಮುಂಚೆ ಇಸ್ರೇಲಿನ ಪ್ರಧಾನಿ ನೇತನ್ಯಾಹು ವಾಷಿಂಗ್ಟನ್ನಿನಲ್ಲಿ ಟ್ರಂಪ್ ಅವರನ್ನು ಪರ್ಷಿಯದ ಸೈರಸ್ ಚಕ್ರವರ್ತಿಯ ಸಾಲಿನಲ್ಲಿ ನಿಲ್ಲಿಸಿ ಹೊಗಳಿದರು. ಎಜ್ರನ ಗ್ರಂಥವನ್ನು ಓದಿದವರಿಗೆ ಸೈರಸ್ ಗೊತ್ತು. ಕ್ರಿ.ಪೂ. 538ರಲ್ಲಿ ಜೆರುಸಲೇಮಿನ ದೇವಾಲಯವನ್ನು ಕಟ್ಟಲು ಅಪ್ಪಣೆ ಕೊಟ್ಟವನು ಅವನು. ಆದರೆ ಆ ಗ್ರಂಥದ ಮುಂದಿನ ಅಧ್ಯಾಯಗಳನ್ನೂ ಓದಬೇಕು. ಅಡಿಪಾಯ ಬಿದ್ದ ಮೇಲೆ ನೆರೆಹೊರೆಯವರು ಅರಮನೆಗೆ ದೂರು ಬರೆದರು, ರಾಜಾಜ್ಞೆಯಿಂದ ಕೆಲಸ ನಿಂತುಹೋಯಿತು. ದಾರಿಯಸನ ಕಾಲದಲ್ಲಿ ಹಳೆಯ ಅಪ್ಪಣೆಯ ಪ್ರತಿಯನ್ನು ಹುಡುಕಿಸಿ ತೆಗೆದ ಮೇಲೆಯೇ ಕೆಲಸ ಮತ್ತೆ ನಡೆದು ಕ್ರಿ.ಪೂ. 515ರಲ್ಲಿ ದೇವಾಲಯ ಮುಗಿಯಿತು. ಲೆಕ್ಕ ಹಾಕಿದರೆ ಇಪ್ಪತ್ತಮೂರು ವರ್ಷ. 1995ರಿಂದ 2018ಕ್ಕೂ ಇಪ್ಪತ್ತಮೂರೇ. ಇಂತಹ ಹೊಂದಿಕೆಗಳನ್ನು ಹಿಡಿದು ಪ್ರವಾದನೆ ನೆರವೇರಿತೆಂದು ಸಾರುವ ಕರಪತ್ರಗಳು ನಮ್ಮ ಮನೆಗಳಿಗೂ ಬರುತ್ತವೆ. ಅವನ್ನು ನಂಬಬೇಡಿರಿ. ಸೈರಸ್ ಸೆರೆಯಾಳುಗಳನ್ನು ಮನೆಗೆ ಕಳುಹಿಸಿದ ರಾಜ, ಅವನು ಕಟ್ಟಲು ಹೇಳಿದ್ದು ದೇವರ ಆಲಯ. ವೀಸಾ ಕೊಡುವ ಕಚೇರಿಗೂ ಅದಕ್ಕೂ ಹೋಲಿಕೆ ದೂರದ್ದು.

ಅಮೆರಿಕದ ಹಿಂದೆ ಗ್ವಾಟೆಮಾಲ, ಕೊಸೊವೊ, ಹೊಂಡುರಾಸ್, ಪಪುವ ನ್ಯೂಗಿನಿ ಮೊದಲಾದ ಕೆಲವೇ ದೇಶಗಳು ಜೆರುಸಲೇಮಿಗೆ ಹೋದವು. ಪರಾಗ್ವೆ 2018ರ ಮೇ ತಿಂಗಳಲ್ಲಿ ಹೋಗಿ, ಸೆಪ್ಟೆಂಬರಿನಲ್ಲಿ ಹಿಂತಿರುಗಿ, 2024ರಲ್ಲಿ ಮತ್ತೆ ಹೋಯಿತು. ಭಾರತ 1950ರಲ್ಲಿ ಇಸ್ರೇಲಿಗೆ ಮಾನ್ಯತೆ ಕೊಟ್ಟರೂ ರಾಯಭಾರ ಸಂಬಂಧ ಬೆಳೆಸಲು 1992ರವರೆಗೆ ಕಾಯಿತು. ಪ್ಯಾಲೆಸ್ತೀನ್ ರಾಷ್ಟ್ರಕ್ಕೆ 1988ರಲ್ಲೇ ಮಾನ್ಯತೆ ಕೊಟ್ಟಿತ್ತು. 2012ರ ಜನವರಿಯಲ್ಲಿ ನಮ್ಮ ಎಸ್.ಎಂ. ಕೃಷ್ಣರವರು ವಿದೇಶಾಂಗ ಸಚಿವರಾಗಿ ಆ ಭಾಗಕ್ಕೆ ಹೋದಾಗ ಎರಡೂ ಕಡೆಯವರನ್ನು ಭೇಟಿಯಾಗಿ ಬಂದರು. ನಮ್ಮ ಕರಾವಳಿಯ ಅನೇಕ ಕಥೋಲಿಕ ಕುಟುಂಬಗಳ ಮಕ್ಕಳು ಇಸ್ರೇಲಿನ ಮನೆಗಳಲ್ಲಿ ವಯೋವೃದ್ಧರ ಆರೈಕೆ ಮಾಡುತ್ತಾ ದುಡಿಯುತ್ತಿದ್ದಾರೆ. ರಜೆ ಸಿಕ್ಕಾಗ ಪವಿತ್ರ ಸಮಾಧಿಯಲ್ಲಿ ಪ್ರಾರ್ಥಿಸಲು ಅವರು ಜೆರುಸಲೇಮಿನ ಬಸ್ ಹತ್ತುತ್ತಾರೆ. ಪಾಸ್‌ಪೋರ್ಟ್ ನವೀಕರಿಸಲು ಟೆಲ್ ಅವಿವ್‌ನ ಭಾರತೀಯ ರಾಯಭಾರ ಕಚೇರಿಗೆ ಹೋಗುತ್ತಾರೆ.

ಪವಿತ್ರ ಪೀಠದ ವ್ಯವಸ್ಥೆಯೂ ಹೀಗೆಯೇ ಇದೆ. ಇಸ್ರೇಲಿಗೆ ಜಗದ್ಗುರುಗಳು ಕಳುಹಿಸುವ ರಾಯಭಾರಿಯ ಕಚೇರಿ ಟೆಲ್ ಅವಿವ್‌ಗೆ ಅಂಟಿಕೊಂಡ ಯಾಫಾದಲ್ಲಿದೆ. ಪೇತ್ರನು ಚರ್ಮಕಾರ ಸಿಮೋನನ ಮನೆಯಲ್ಲಿ ತಂಗಿದ್ದ ಊರು ಅದು. ಅದೇ ಮಹಾಧರ್ಮಾಧ್ಯಕ್ಷರೇ ಜೆರುಸಲೇಮ್ ಮತ್ತು ಪ್ಯಾಲೆಸ್ತೀನಿಗೆ ಜಗದ್ಗುರುಗಳ ಪ್ರತಿನಿಧಿಯೂ ಹೌದು. ಅದಕ್ಕಾಗಿ ಜೆರುಸಲೇಮಿನಲ್ಲಿ ಅವರಿಗೆ ಇನ್ನೊಂದು ಮನೆಯಿದೆ. ಎರಡು ಮನೆಗಳಿಗೂ ಓಡಾಡಿಕೊಂಡಿರುವ ವ್ಯಕ್ತಿ ಒಬ್ಬರೇ.